ಸಾಕ್ಷಿಗಳು ಒಪ್ಪದಿದ್ದಾಗ: ಭಾವ ವಿಶ್ಲೇಷಣೆ ಮತ್ತು ಜೀವಕೋಶ ಮಾದರಿಗಳಲ್ಲಿ ಮಾಹಿತಿಯ ಬೆಸುಗೆ

‘ಪರವಾಗಿಲ್ಲ ಬಿಡಿ’ ಎಂಬುದು ಬರಹದಲ್ಲಿ ಸಮಾಧಾನದ ಮಾತು. ಗಂಟಲು ಕಟ್ಟಿದ ದನಿಯಲ್ಲಿ ಕೇಳಿದರೆ ನೋವು. ಮಾತು, ದನಿ, ಮುಖ ಮೂರನ್ನೂ ಒಟ್ಟಿಗೆ ಓದಿ ಭಾವವನ್ನು ಗುರುತಿಸಲು ಯಂತ್ರಕ್ಕೆ ಕಲಿಸುವುದು ಬಹುಮಾಧ್ಯಮ ಭಾವ ವಿಶ್ಲೇಷಣೆ. ಈ ಮೂರೂ ತಾಳೆಯಾಗದ ಕಡೆಯೇ ಅದರ ನಿಜವಾದ ಪರೀಕ್ಷೆ ಇದೆ ಎಂಬುದು ಈ ಲೇಖನದ ವಾದ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ‘ಐಇಮೋಕ್ಯಾಪ್’ ದತ್ತಾಂಶದಲ್ಲಿ 10 ನಟರು ಇಬ್ಬಿಬ್ಬರಾಗಿ ನಡೆಸಿದ ಸುಮಾರು 12 ಗಂಟೆಗಳ ಸಂಭಾಷಣೆಯಿದೆ. ಪ್ರತಿ ಮಾತಿನ ಭಾವವನ್ನು ಹಲವರು ಕೇಳಿ, ನೋಡಿ ಗುರುತಿಸಿದರು. ಬಹುಮತ ದೊರೆತದ್ದು ಸುಮಾರು ಮುಕ್ಕಾಲು ಪಾಲು ಮಾತುಗಳಿಗೆ. ಉಳಿದ ಕಾಲು ಪಾಲನ್ನು ಅನೇಕ ಅಧ್ಯಯನಗಳು ಕೈಬಿಟ್ಟು, ಕೋಪ, ಸಂತೋಷ, ದುಃಖ, ತಟಸ್ಥ ಎಂಬ ನಾಲ್ಕೇ ವರ್ಗಗಳಲ್ಲಿ ನಿಖರತೆಯನ್ನು ಲೆಕ್ಕ ಹಾಕುತ್ತವೆ. ನುಂಗಿಕೊಂಡ ಸಿಟ್ಟು, ನಗೆಯ ಮರೆಯ ಸಂಕಟ ಇರುವ ಸಂಭವ ಆ ಕಾಲು ಪಾಲಿನಲ್ಲೇ ಹೆಚ್ಚು. ಅದನ್ನು ತೆಗೆದಿಟ್ಟು ಗಳಿಸಿದ ಅಂಕ ಸುಲಭದ ಮಾತುಗಳಿಗೆ ಸಿಕ್ಕ ಅಂಕವೆಂದೇ ನನ್ನ ಅಭಿಪ್ರಾಯ. ಮಾದರಿಗಳ ರಚನೆಯಲ್ಲಿ ಈ ಕೊರತೆ ಅಷ್ಟಿಲ್ಲ: 2017ರ ಟೆನ್ಸರ್ ಬೆಸುಗೆ ಜಾಲ ಮೂರು ಮಾಧ್ಯಮಗಳ ಸಂಖ್ಯಾಸಾಲುಗಳನ್ನು ಒಂದರೊಡನೊಂದು ಗುಣಿಸಿ, ‘ನಗುಮುಖ, ಕುಗ್ಗಿದ ದನಿ’ಯಂಥ ಜೋಡಿಗೇ ಪ್ರತ್ಯೇಕ ಸ್ಥಾನ ಕೊಟ್ಟಿತು.

ಜೀವಕೋಶವೂ ಹೀಗೆ ಎರಡು ನಾಲಿಗೆಯಲ್ಲಿ ನುಡಿಯುತ್ತದೆ. ಒಂದೇ ಜೀನ್‌ನ ಆರ್‌ಎನ್‌ಎ ಪ್ರಮಾಣ ಮತ್ತು ಪ್ರೋಟೀನ್ ಪ್ರಮಾಣ ಹಲವು ಬಾರಿ ಹೊಂದುವುದಿಲ್ಲ. ಎರಡೂ ಹುಟ್ಟುವ, ನಶಿಸುವ ವೇಗ ಬೇರೆ ಬೇರೆ. 2017ರಲ್ಲಿ ಬಂದ ‘ಸೈಟ್-ಸೀಕ್’ ವಿಧಾನ ಪ್ರತಿಕಾಯಗಳಿಗೆ ಡಿಎನ್‌ಎ ಗುರುತು ಅಂಟಿಸಿ, ಆರ್‌ಎನ್‌ಎಯನ್ನೂ ಹೊರಪೊರೆಯ ಪ್ರೋಟೀನನ್ನೂ ಒಂದೇ ಕೋಶದಲ್ಲಿ ಅಳೆಯಿತು. ಆ ಅಳತೆಗಳನ್ನು ಬೆಸೆಯಲು 2021ರಲ್ಲಿ ಬಂದ ಒಂದು ವಿಧಾನ ಎರಡು ಸಾಕ್ಷ್ಯಗಳ ತೂಕವನ್ನು ಕೋಶಕೋಶಕ್ಕೂ ಬೇರೆಯಾಗಿ ನಿರ್ಧರಿಸುತ್ತದೆ. ಮೂಳೆಮಜ್ಜೆಯ ಮಾದರಿಯಲ್ಲಿ ಟಿ ಕೋಶಗಳಿಗೆ ಪ್ರೋಟೀನಿನ ಸಾಕ್ಷ್ಯ ಹೆಚ್ಚು ತೂಗಿತು. ಇನ್ನೂ ಬಲಿಯದ ಪೂರ್ವಕೋಶಗಳಿಗೆ ಆರ್‌ಎನ್‌ಎ. ಪೂರ್ವಕೋಶಗಳನ್ನು ಒಂದರಿಂದೊಂದು ಬಿಡಿಸಿ ಹೇಳುವ ಪ್ರತಿಕಾಯಗಳೇ ಆ ಪ್ರಯೋಗದಲ್ಲಿ ಇರಲಿಲ್ಲ. ಕಡಿಮೆ ತೂಕಕ್ಕೆ ಕಾರಣ ಕೋಶದಲ್ಲಿರದೆ ಉಪಕರಣದಲ್ಲಿತ್ತು ಎಂಬುದು ಹೀಗೆ ಬೆಳಕಿಗೆ ಬಂತು.

ಹೋಲಿಕೆಗೆ ಮಿತಿಯೂ ಉಂಟು. ಕೋಶದ ಬಗ್ಗೆ ಮಾದರಿ ಹೇಳಿದ್ದನ್ನು ಜೀನ್ ಒಂದನ್ನು ನಿಷ್ಕ್ರಿಯಗೊಳಿಸಿ ಪರೀಕ್ಷಿಸಬಹುದು. ಭಾವಕ್ಕೆ ಅಂಥ ಪ್ರಯೋಗವಿಲ್ಲ. ಕೇಳಿದವರ ಅಭಿಪ್ರಾಯವೇ ನಮ್ಮ ಅಳತೆಗೋಲು. ಆದ್ದರಿಂದ ಬಹುಮತದ ಒಂದೇ ಗುರುತಿನ ಬದಲು ಪ್ರತಿಯೊಬ್ಬರ ಗುರುತನ್ನೂ ಉಳಿಸಿಕೊಳ್ಳಬೇಕು, ಒಮ್ಮತವಿಲ್ಲದ ಮಾತುಗಳ ಫಲಿತಾಂಶವನ್ನು ಬೇರೆಯಾಗಿಯೇ ವರದಿ ಮಾಡಬೇಕು. ಕನ್ನಡದಲ್ಲಿ ಇಂಥ ದತ್ತಾಂಶ ಕಟ್ಟುವವರು ಗುರುತಿಸಿದವರ ಊರನ್ನೂ ದಾಖಲಿಸುವುದು ಒಳ್ಳೆಯದು: ಮೈಸೂರಿನ ಕಿವಿಗೆ ಜಗಳದಂತೆ ಕೇಳುವ ಏರುದನಿ ಧಾರವಾಡದಲ್ಲಿ ಸಲುಗೆಯೂ ಆಗಿರಬಹುದು.