ಅಜ್ಜನ ಪಟ ಹಸಿರಾದ ಕಥೆ

ಇಸಳೂರಿನ ನಮ್ಮನೆ ಜಗುಲಿಯಲ್ಲಿ ಅಜ್ಜನ ಪಟವೊಂದು ತೂಗಾಡುತ್ತಿತ್ತು. ಅರವತ್ತರ ದಶಕದಲ್ಲಿ ಶಿರಸಿ ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಕರಿ ಟೊಪ್ಪಿ, ಕೋಟು, ನಗದ ಮುಖ... ಅಜ್ಜನದ್ದು ಅಂತ ಇದ್ದಿದ್ದು ಅದೊಂದೇ ಫೋಟೋ.

2004ರಲ್ಲಿ ಅದರ ಅಂಚಿಗೆ ಒರಲೆ ಹತ್ತಿತು. ನಾನೋ ಆಗಷ್ಟೇ ಕಂಪ್ಯೂಟರ್ ಕೊಂಡವನು. ಸ್ಕ್ಯಾನ್ ಮಾಡಿ, ಇಂಕ್‌ಜೆಟ್ಟಿನಲ್ಲಿ ಪ್ರಿಂಟ್ ತೆಗೆದು, ಫ್ರೇಮು ಹಾಕಿಸಿ ತೂಗುಹಾಕಿದೆ. ಹಳೆಯದು ಟ್ರಂಕು ಸೇರಿತು. ಎರಡು ಮಳೆಗಾಲ ಕಳೆಯಿತು ನೋಡಿ, ಅಮ್ಮಮ್ಮನ ಫೋನು: "ತಮಾ, ಅಜ್ಜನ ಮುಖ ಹಸ್ರಾಗೋಯ್ದಲೋ!"

ನಲವತ್ತು ವರ್ಷ ಹೊಗೆ, ಥಂಡಿ ತಡೆದುಕೊಂಡ ಪಟ ಎಲ್ಲಿ, ಎರಡೇ ವರ್ಷಕ್ಕೆ ಬಣ್ಣಗೆಟ್ಟ ನನ್ನ ಪಟ ಎಲ್ಲಿ! ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಇತಿಹಾಸವೇ.

ನಮ್ಮ ನಾಡಿಗೂ ಕಪ್ಪು-ಬಿಳುಪು ಫೋಟೋಕ್ಕೂ ಹಳೆಯ ನಂಟು. 1854ರ ಡಿಸೆಂಬರಿನಲ್ಲೇ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು-ಹಳೇಬೀಡಿನ ಗುಡಿಗಳ ಫೋಟೋ ತೆಗೆದಿದ್ದ. ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಬಂತು. ಆಮೇಲೆ ಸ್ಟುಡಿಯೋಗಳ, ಬ್ರೋಮೈಡ್ ಕಾಗದದ ಕಾಲ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ, ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಫಿಲ್ಮು, ಕಾಗದ ಎರಡನ್ನೂ ಮಾಡುತ್ತಿತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರನ್ನು ನಾವೆಲ್ಲ ನೆನೆಯುವುದೂ ಕಪ್ಪು-ಬಿಳುಪಿನಲ್ಲೇ ಅಲ್ಲವೇ?

ಇವೆಲ್ಲದರಲ್ಲೂ ಕಪ್ಪು ಅಂದರೆ ಶಾಯಿಯಲ್ಲ, ಬೆಳ್ಳಿ. ಬೆಳ್ಳಿಯ ಸಣ್ಣ ಸಣ್ಣ ಕಣಗಳು ದಟ್ಟವಾದಲ್ಲಿ ಕಪ್ಪು, ವಿರಳವಾದಲ್ಲಿ ಬೂದು. ಇಡೀ ಚಿತ್ರಕ್ಕೆ ಒಂದೇ ವಸ್ತು. ಅಂಥ ಪಟ ಹಳದಿಯಾದೀತು, ಮಾಸೀತು, ಹಸಿರಂತೂ ಆಗದು.

ಇಂಕ್‌ಜೆಟ್ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1984ರಲ್ಲಿ ಬಂದ ಎಚ್‌ಪಿ ಥಿಂಕ್‌ಜೆಟ್ ಕಚೇರಿಯ ಅಕ್ಷರಗಳಿಗಾಗಿ ಇದ್ದಿದ್ದು. ಮುಂದೆ ಬಣ್ಣಗಳು ಸೇರಿದವು: ಸಯಾನ್, ಮೆಜೆಂಟಾ, ಹಳದಿ. ಫೋಟೋದ ಬೂದು ಬಣ್ಣವನ್ನೂ ಪ್ರಿಂಟರು ಈ ಮೂರನ್ನು ಬೆರೆಸಿಯೇ ಮಾಡತೊಡಗಿತು. ಸಮಸ್ಯೆ ಇರುವುದೇ ಇಲ್ಲಿ. ನೀರಿನಲ್ಲಿ ಕರಗುವ ಡೈ ಶಾಯಿಗಳಲ್ಲಿ ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಮೆಜೆಂಟಾ ಮೊದಲು ಹೋದರೆ ಉಳಿಯುವುದು ಸಯಾನ್ ಮತ್ತು ಹಳದಿ. ಎರಡೂ ಸೇರಿದರೆ? ಅಜ್ಜನ ಹಸಿರು ಮುಖ!

ಇದಕ್ಕೆ ತಲೆ ಕೆಡಿಸಿಕೊಂಡವರು ಫೋಟೋದ ಹುಚ್ಚಿದ್ದವರು. ಅಮೆರಿಕದಲ್ಲಿ ನೆಲೆಸಿದ್ದ ಹಾಡುಗಾರ ಗ್ರಹಾಂ ನ್ಯಾಶ್ ತನ್ನ ಕಪ್ಪು-ಬಿಳುಪು ಫೋಟೋಗಳಿಗಾಗಿ, ಮುದ್ರಣಾಲಯದವರು ಕರಡು ನೋಡಲು ಬಳಸುತ್ತಿದ್ದ ಐರಿಸ್ ಎಂಬ ಭಾರೀ ಬೆಲೆಯ ಇಂಕ್‌ಜೆಟ್ ಕೊಂಡ. 1991ರಲ್ಲಿ ಅದರಿಂದಲೇ ನ್ಯಾಶ್ ಎಡಿಷನ್ಸ್ ಶುರುವಾಯಿತು. ಆ ಯಂತ್ರ ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಆದರೆ ಅದರ ಮೊದಮೊದಲ ಶಾಯಿಗಳೂ ಬೇಗ ಮಾಸುವಂಥವೇ.

ಸರಳ ಉಪಾಯ ಹೂಡಿದವನು ವರ್ಮಾಂಟಿನ ಜಾನ್ ಕೋನ್. ಬಣ್ಣದ ಶಾಯಿಗಳನ್ನೇ ತೆಗೆದು, ಅಷ್ಟೂ ಜಾಗಕ್ಕೆ ಕಪ್ಪಿನ ಬೇರೆ ಬೇರೆ ಛಾಯೆಗಳನ್ನು ತುಂಬಿದ! 2000ದ ಸುಮಾರಿಗೆ ಬಂದ ಅವನ ಪದ್ಧತಿಯ ಹೆಸರು ಪಿಯೆಜೋಗ್ರಫಿ. 2005ರಲ್ಲಿ ಎಪ್ಸನ್ ಕಂಪನಿಯೇ ಕಪ್ಪು, ತಿಳಿ ಬೂದು, ಇನ್ನೂ ತಿಳಿ ಬೂದು ಎಂಬ ಮೂರು ಹಂತದ ಪಿಗ್ಮೆಂಟ್ ಶಾಯಿಯ ಪ್ರಿಂಟರ್ ತಂದಿತು. ಪಿಗ್ಮೆಂಟ್ ಎಂದರೆ ಕರಗದ ನುಣ್ಣನೆಯ ಪುಡಿ. ಕಪ್ಪಿಗೆ ಇಂಗಾಲ, ಅಂದರೆ ಹೆಚ್ಚುಕಮ್ಮಿ ನಮ್ಮ ದೀಪದ ಮಸಿಯ ದೂರದ ನೆಂಟ. ಹತ್ತಿಯ ಕಾಗದದ ಮೇಲೆ ಹಾಕಿ, ಗಾಜಿನೊಳಗಿಟ್ಟರೆ ನೂರು ವರ್ಷ ಮೀರಿ ಬಾಳಬಹುದು ಅನ್ನುವುದು ಪ್ರಯೋಗಾಲಯದವರ ಅಂದಾಜು. ಮಲೆನಾಡಿನ ಮಳೆಗಾಲ ಅವರು ನೋಡಿದ್ದಾರೋ ಇಲ್ಲವೋ...

ಕಳೆದ ವರ್ಷ ಟ್ರಂಕಿನಿಂದ ಹಳೆಯ ಪಟ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಬೆಂಗಳೂರಿನಲ್ಲಿ ಪಿಗ್ಮೆಂಟ್ ಶಾಯಿಯಲ್ಲಿ ಪ್ರಿಂಟ್ ಹಾಕಿಸಿದೆ. ಟೊಪ್ಪಿಯ ಕಪ್ಪು, ಕೋಟಿನ ನೆರಿಗೆ, ಹಣೆಯ ಗೆರೆ ಎಲ್ಲ ಬಂದಿವೆ. ಜಗುಲಿಗೆ ಅಜ್ಜ ವಾಪಸ್ ಬಂದಿದ್ದಾನೆ. ಹೌದು ಅನ್ನಲು ಅಮ್ಮಮ್ಮ ಇಲ್ಲ.

ಅಂದು ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಒರಲೆ ತಿಂದ ಪಟವನ್ನು ಎಸೆಯದೇ ಇದ್ದಿದ್ದು. ನಿಮ್ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಹೊಸ ಪ್ರಿಂಟು ಎಷ್ಟೇ ಚೆನ್ನಾಗಿ ಬರಲಿ, ಹಳೆಯದನ್ನು ಮಾತ್ರ ಬಿಸಾಡಬೇಡಿ ಮಾರಾಯ್ರೆ!