ಬ್ರಿಟನ್ನಿನ ಹಕ್ಕಿಬೇಟೆಯೂ ಅದನ್ನು ತಡೆದ ಕಾಯಿದೆಗಳೂ

ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಹಾಡುಹಕ್ಕಿಯನ್ನು ಸಾಕುವುದು ಸಿರಿವಂತರಿಗೆ ಮಾತ್ರ ಮೀಸಲಾದ ಶೋಕಿಯಾಗಿರಲಿಲ್ಲ. ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ಮಗ್ಗದ ಮುಂದೆ ದುಡಿಯುವಾಗ ಕಿಟಕಿಯ ಬಳಿ ಒಂದು ಪಂಜರವಿರುತ್ತಿತ್ತು. ಅದರಲ್ಲಿ ಒಂದು ಲಿನೆಟ್ಟೋ ಗೋಲ್ಡ್‌ಫಿಂಚೋ ಹಾಡುತ್ತಿತ್ತು. ಸಮೀಪದ ಬೆಥ್ನಲ್ ಗ್ರೀನಿನ ಕ್ಲಬ್ ರೋ ಬೀದಿಯಲ್ಲಿ ಭಾನುವಾರದ ಹಕ್ಕಿಸಂತೆ ನೆರೆಯುತ್ತಿತ್ತು. ಆ ಕಾಲದ ಲಂಡನ್ನಿನ ಬಡವರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ ತನ್ನ ಗ್ರಂಥದಲ್ಲಿ ಹಕ್ಕಿ ಹಿಡಿಯುವವರನ್ನೂ ಮಾರುವವರನ್ನೂ ಬಿಟ್ಟಿಲ್ಲ. ಅದು ಆಗ ಗುಟ್ಟಿನ ದಂಧೆಯಲ್ಲ, ಊರಿಗೆಲ್ಲ ಗೊತ್ತಿದ್ದ ಕಸುಬು.

ಕಸುಬಿನ ಉಪಕರಣಗಳು ಸರಳವಾಗಿದ್ದವು. ನೆಲದ ಮೇಲೆ ಹಾಸಿ ಹಗ್ಗ ಎಳೆದೊಡನೆ ಮಡಚಿಕೊಳ್ಳುವ ಬಲೆ. ಹಾಲಿ ಗಿಡದ ತೊಗಟೆಯನ್ನು ಬೇಯಿಸಿ ಕೊಳೆಸಿ ತೆಗೆದ ಅಂಟು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಕೂಗಿನಿಂದ ಬೇರೆ ಹಕ್ಕಿಗಳನ್ನು ಕೆಳಗಿಳಿಸಲೆಂದು ಕಟ್ಟಿಹಾಕಿದ ಒಂದು ಹಕ್ಕಿ. ನಮ್ಮ ಹಳೆಗನ್ನಡದಲ್ಲಿ ಇಂಥ ಪ್ರಾಣಿಗೆ ‘ದೀವ’ ಎಂಬ ಹೆಸರೇ ಇದೆ. ಬೇಟೆಗಾರನ ಕೈಗೆ ಸಿಕ್ಕಿದ ಜೀವವನ್ನೇ ಅದರ ಕುಲಕ್ಕೆ ಎದುರಾಗಿ ನಿಲ್ಲಿಸುವ ಈ ಉಪಾಯ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಹಾಡಿನ ಪಂದ್ಯಗಳಿಗಾಗಿ ಚಾಫಿಂಚ್ ಹಕ್ಕಿಗಳ ಕಣ್ಣನ್ನು ಕಾಯಿಸಿದ ಸೂಜಿಯಿಂದ ಸುಡುವ ಪದ್ಧತಿಯೂ ಇತ್ತು. ಕತ್ತಲಲ್ಲಿರುವ ಹಕ್ಕಿ ಹೆಚ್ಚು ಹಾಡುತ್ತದೆಂಬುದು ನಂಬಿಕೆ. 1860ರ ಸುಮಾರಿನಲ್ಲಿ ಸಸೆಕ್ಸಿನ ವರ್ದಿಂಗ್ ಪಟ್ಟಣದ ಸುತ್ತಮುತ್ತ ಮಾತ್ರವೇ ವರ್ಷಕ್ಕೆ 1,32,000 ಗೋಲ್ಡ್‌ಫಿಂಚ್‌ಗಳನ್ನು ಹಿಡಿಯಲಾಗುತ್ತಿತ್ತೆಂದು ವರದಿಯಾಗಿತ್ತು.

ಕಾನೂನು ಮೊದಲು ಕಣ್ಣು ಹಾಯಿಸಿದ್ದು ಈ ಪುಟ್ಟ ಹಕ್ಕಿಗಳ ಕಡೆಗಲ್ಲ, ಯಾರ್ಕ್‌ಷೈರ್ ಕರಾವಳಿಯ ಬಂಡೆಗಳ ಕಡಲಹಕ್ಕಿಗಳ ಕಡೆಗೆ. ಅಲ್ಲಿ ಮೋಜಿಗಾಗಿಯೂ ಟೋಪಿಯ ಗರಿಗಾಗಿಯೂ ಗೂಡಿನಲ್ಲಿ ಮರಿಗಳಿರುವಾಗಲೇ ಗುಂಡು ಹಾರಿಸುತ್ತಿದ್ದರು. ಪಕ್ಷಿಶಾಸ್ತ್ರಜ್ಞ ಆಲ್‌ಫ್ರೆಡ್ ನ್ಯೂಟನ್ 1868ರಲ್ಲಿ ಇದರ ವಿರುದ್ಧ ದನಿಯೆತ್ತಿದರು. ಮರುವರ್ಷವೇ ಕಡಲಹಕ್ಕಿಗಳ ರಕ್ಷಣೆಯ ಕಾಯಿದೆ ಬಂದಿತು. 1872ರಲ್ಲಿ ಮತ್ತೊಂದು, 1880ರಲ್ಲಿ ಇನ್ನೊಂದು. ಆದರೆ ಇವೆಲ್ಲ ಮುಖ್ಯವಾಗಿ ಮರಿಮಾಡುವ ಕಾಲಕ್ಕೆ ಕಾವಲಿಟ್ಟ ಕಾಯಿದೆಗಳು. 1880ರ ಕಾಯಿದೆಯ ನಿಷೇಧದ ಅವಧಿ ಮಾರ್ಚ್ 1ರಿಂದ ಆಗಸ್ಟ್ 1ರವರೆಗೆ. ಹಕ್ಕಿ ಹಿಡಿಯುವವನಿಗೆ ಸುಗ್ಗಿಯೆಂದರೆ ಗೋಲ್ಡ್‌ಫಿಂಚ್‌ಗಳು ಹಿಂಡುಗಟ್ಟಿ ವಲಸೆ ಹೊರಡುವ ಶರತ್ಕಾಲ. ಅವನ ಬಲೆಗೆ ಈ ಕಾಯಿದೆಗಳಿಂದ ತಗುಲಿದ ಪೆಟ್ಟು ಅಲ್ಪ.

ಕೊಳ್ಳುವವರನ್ನು ಪ್ರಶ್ನಿಸಿದ ಮೊದಲಿಗರಲ್ಲಿ ಎಮಿಲಿ ವಿಲಿಯಮ್‌ಸನ್ ಪ್ರಮುಖರು. 1889ರಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯ ತಮ್ಮ ಮನೆಯಲ್ಲಿ ಅವರು ಮಹಿಳೆಯರದೇ ಒಂದು ಸಂಘ ಕಟ್ಟಿದರು. ಗರಿ ತೊಡುವುದಿಲ್ಲವೆಂಬುದೇ ಸದಸ್ಯೆಯರ ಪ್ರತಿಜ್ಞೆ. ಆ ಮನೆ ಇಂದು ಫ್ಲೆಚರ್ ಮಾಸ್ ಉದ್ಯಾನದೊಳಗಿದೆ. ಮ್ಯಾಂಚೆಸ್ಟರಿನ ನಮ್ಮ ಸದಸ್ಯರಲ್ಲಿ ಅನೇಕರು ಅದರ ಮುಂದೆ ನಡೆದಾಡಿರಬಹುದು. 1891ರಲ್ಲಿ ಈ ಸಂಘವು ಕ್ರಾಯ್ಡನ್ನಿನ ಇನ್ನೊಂದು ಮಹಿಳಾ ಗುಂಪಿನೊಡನೆ ಕೂಡಿತು. 1904ರಲ್ಲಿ ರಾಜಮುದ್ರೆಯ ಸನ್ನದು ಪಡೆದು ಇಂದಿನ ಆರ್‌ಎಸ್‌ಪಿಬಿ ಆಯಿತು.

ಈ ಕಥೆಯಲ್ಲಿ ಭಾರತದ ಪಾಲೂ ಇದೆ. ಲಂಡನ್ನಿನ ಮಿನ್ಸಿಂಗ್ ಲೇನಿನಲ್ಲಿ ಹರಾಜಾಗುತ್ತಿದ್ದ ಗರಿಗಳ ಮೂಟೆಗಳಲ್ಲಿ ಭಾರತದ ಬೆಳ್ಳಕ್ಕಿಗಳ ಗರಿಗಳೂ ಇದ್ದವು. ಬೆಲೆಬಾಳುವ ಆ ನವಿರಾದ ಗರಿಗಳು ಮೂಡುವುದೇ ಮರಿಮಾಡುವ ಕಾಲದಲ್ಲಿ. ಆದ್ದರಿಂದ ಒಂದು ಹಕ್ಕಿಯ ಸಾವೆಂದರೆ ಗೂಡಿನಲ್ಲಿ ಹಸಿದು ಸಾಯುವ ಮರಿಗಳ ಸಾವೂ ಹೌದು. 1902ರಲ್ಲಿ ಭಾರತ ಸರಕಾರ ಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ ಅವುಗಳ ಆಮದನ್ನು ನಿಷೇಧಿಸುವ ಕಾಯಿದೆ ಮಾಡಿದ್ದು 1921ರಲ್ಲಿ! ನಡುವಿನ ಹತ್ತೊಂಬತ್ತು ವರ್ಷ ಮಾಲು ಕಳ್ಳದಾರಿಯಲ್ಲಿ ಬರುತ್ತಲೇ ಇತ್ತು, ಏಕೆಂದರೆ ಕೊಳ್ಳುವ ಮಾರುಕಟ್ಟೆ ತೆರೆದೇ ಇತ್ತು.

ಹಾಡುಹಕ್ಕಿಗಳ ಸರದಿ ಇನ್ನೂ ತಡವಾಗಿ ಬಂದಿತು. 1925ರ ಕಾಯಿದೆ ಅಂಟನ್ನೂ ಕಟ್ಟಿಹಾಕಿದ ದೀವದ ಹಕ್ಕಿಯನ್ನೂ ನಿಷೇಧಿಸಿತು. 1933ರದ್ದು ಮಾರಾಟಕ್ಕೇ ಕೈ ಹಾಕಿತು: ಪಟ್ಟಿಯಲ್ಲಿದ್ದ ಹಕ್ಕಿಗಳನ್ನು ಜೀವಂತ ಮಾರುವಂತಿಲ್ಲ, ಪಂಜರದಲ್ಲೇ ಹುಟ್ಟಿ, ಕಾಲಿಗೆ ಬೆಸುಗೆಯಿಲ್ಲದ ಉಂಗುರ ತೊಟ್ಟವಕ್ಕೆ ಮಾತ್ರ ವಿನಾಯಿತಿ. ಹಿಂದಿನ ಎಲ್ಲ ಕಾಯಿದೆಗಳಿಗಿಂತ ಇದೇ ಹಿರಿದೆಂದು ನನ್ನ ಅಭಿಪ್ರಾಯ. ಹೊಲದಲ್ಲಿ ಬಲೆ ಹಾಕಿದವನನ್ನು ಹಿಡಿಯುವುದು ಕಷ್ಟ. ಅಂಗಡಿಯ ಪಂಜರವನ್ನು ಯಾರು ಬೇಕಾದರೂ ನೋಡಬಹುದು. ಉಂಗುರದ ತರ್ಕವೂ ಜಾಣತನದ್ದು. ಹುಟ್ಟಿ ಕೆಲವೇ ದಿನಗಳಾದ ಮರಿಯ ಎಳೆಯ ಪಾದದ ಮೂಲಕ ಮಾತ್ರ ಅದು ತೂರುತ್ತದೆ. ಬೆಳೆದ ಹಕ್ಕಿಗೆ ತೊಡಿಸಹೋದರೆ ಉಂಗುರ ಅಳತೆಗಿಂತ ದೊಡ್ಡದಿರಬೇಕು, ಇಲ್ಲವೇ ಕಾಲಿಗೆ ಗಾಯವಾಗಬೇಕು. ಇಂದಿಗೂ ತನಿಖೆ ಮಾಡುವವರು ಮೊದಲು ನೋಡುವುದು ಹಕ್ಕಿಯ ಕಾಲನ್ನೇ.

1954ರ ಕಾಯಿದೆಯ ನಂತರ ಬಂದ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆಯೇ ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್‌ಗಳಲ್ಲಿ ಇಂದು ಜಾರಿಯಲ್ಲಿರುವುದು. ಕ್ಲಬ್ ರೋ ಸಂತೆಯ ಪ್ರಾಣಿ ಮಾರಾಟ 1983ರಲ್ಲಿ ನಿಂತಿತು. ಕಾಡುಹಕ್ಕಿಯನ್ನು ಉದ್ದೇಶಪೂರ್ವಕ ಹಿಡಿದರೆ ಇಂಗ್ಲೆಂಡಿನಲ್ಲಿ ಆರು ತಿಂಗಳವರೆಗೆ ಸೆರೆ, ಮಿತಿಯಿಲ್ಲದ ದಂಡ. ಸ್ಕಾಟ್‌ಲೆಂಡಿನಲ್ಲಿ 2020ರ ತಿದ್ದುಪಡಿಯ ನಂತರ ಗಂಭೀರ ಪ್ರಕರಣಗಳಿಗೆ ಐದು ವರ್ಷದವರೆಗೂ ಸೆರೆಯಾಗಬಹುದು. ಆದರೂ ದಂಧೆ ಪೂರ್ತಿ ಅಳಿದಿಲ್ಲ. ಹೊಲದಂಚಿನ ಪೊದೆಗಳ ನಡುವೆ ಅಂಟು ಬಳಿದ ಕಡ್ಡಿ, ಬಲೆಯ ಪಕ್ಕದಲ್ಲಿ ಪುಟ್ಟ ಪಂಜರದ ಗೋಲ್ಡ್‌ಫಿಂಚ್, ಅಥವಾ ಹಕ್ಕಿಯ ದನಿಯನ್ನು ಬಿಡದೆ ನುಡಿಸುತ್ತಿರುವ ಸ್ಪೀಕರ್ ಕಣ್ಣಿಗೆ ಬಿದ್ದರೆ ಸಂಶಯಕ್ಕೆ ಎಡೆಯಿದೆ.

ಸಂಶಯವೇ ಅಪರಾಧವಲ್ಲ ಎಂಬುದನ್ನೂ ಮರೆಯಬಾರದು. ಅಧ್ಯಯನಕ್ಕಾಗಿ ಹಕ್ಕಿಗಳಿಗೆ ಉಂಗುರ ತೊಡಿಸುವ ಪರವಾನಗಿದಾರರು ಸಣ್ಣ ಎಳೆಯ ಬಲೆ ಹಾಕುತ್ತಾರೆ. ಕೇಳಿದರೆ ಪರವಾನಗಿ ತೋರಿಸುತ್ತಾರೆ. ಮ್ಯಾಗ್‌ಪೈ ಅಥವಾ ಕಾಗೆಯನ್ನು ಒಳಗಿರಿಸಿದ ಲಾರ್ಸನ್ ಬೋನು ಸಹ ನಿಯಮದಂತೆ ಇಟ್ಟಿದ್ದರೆ ಕಾನೂನುಬದ್ಧ: ಒಳಗಿನ ಹಕ್ಕಿಗೆ ನೀರು, ಆಹಾರ, ನೆರಳು, ಕೂರಲು ಕೊಂಬೆ ಇರಬೇಕು. ಆದ್ದರಿಂದ ಬೋನನ್ನು ಮುರಿಯುವುದಾಗಲಿ ಹಕ್ಕಿಯನ್ನು ನಾವೇ ಬಿಡಿಸುವುದಾಗಲಿ ಸಲ್ಲದು. ಕಾನೂನುಬದ್ಧ ಬೋನಾದರೆ ನಮ್ಮದೇ ತಪ್ಪಾಗುತ್ತದೆ. ಕಳ್ಳಬೋನಾದರೆ ಸಾಕ್ಷ್ಯ ನಾಶವಾಗುತ್ತದೆ. ದೂರದಿಂದ ಚಿತ್ರ ತೆಗೆದು, ಸ್ಥಳ, ಸಮಯ, ವಾಹನದ ಸಂಖ್ಯೆ ಗುರುತಿಟ್ಟುಕೊಂಡರೆ ಸಾಕು. ಅಲ್ಲಿರುವವರನ್ನು ಎದುರುಹಾಕಿಕೊಳ್ಳಬಾರದು.

ಕೃತ್ಯ ನಡೆಯುತ್ತಲೇ ಇದ್ದರೆ 999ಕ್ಕೆ, ಮುಗಿದುಹೋಗಿದ್ದರೆ 101ಕ್ಕೆ ಕರೆಮಾಡಿ, ಇದು ವನ್ಯಜೀವಿ ಅಪರಾಧವೆಂದು ಹೇಳಿ, ವನ್ಯಜೀವಿ ಅಪರಾಧದ ಅಧಿಕಾರಿಗೆ ತಿಳಿಸುವಂತೆ ಕೇಳಬೇಕು. ಪ್ರಕರಣದ ಸಂಖ್ಯೆಯನ್ನು ತಪ್ಪದೆ ಪಡೆಯಬೇಕು. ಹಕ್ಕಿ ನರಳುತ್ತಿದ್ದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರ್‌ಎಸ್‌ಪಿಸಿಎ ಸಂಸ್ಥೆಯ ಸಂಖ್ಯೆ 0300 1234 999. ‘ನಮಗೇಕೆ ಊರ ಉಸಾಬರಿ’ ಎಂದು ಹಿಂಜರಿಯುವವರು ಹೆಸರು ಹೇಳದೆಯೇ ಕ್ರೈಮ್‌ಸ್ಟಾಪರ್ಸ್‌ಗೆ, 0800 555 111ರಲ್ಲಿ, ವಿಷಯ ಮುಟ್ಟಿಸಬಹುದು.

ರಜೆಗೆ ಊರಿಗೆ ಹೋದಾಗಲೂ ಇದು ಎದುರಾಗುವ ಪ್ರಶ್ನೆಯೇ. ಲಂಡನ್ನಿನ ರಿಚ್‌ಮಂಡ್ ಪಾರ್ಕಿನಲ್ಲಿ ಕಿರುಚುತ್ತ ಹಾರುವ ಹಸಿರು ಗಿಳಿ ನಮ್ಮೂರಿನ ಗಿಳಿಯ ಜಾತಿಯದೇ. ಅದನ್ನು ಪಂಜರದಲ್ಲಿಟ್ಟು ಸಾಕುವುದು ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂದು ಎಷ್ಟೋ ಮನೆಗಳಲ್ಲಿ ಇಂದಿಗೂ ಗೊತ್ತಿಲ್ಲ. ಅದೇ ಕಾಯಿದೆ ಹಕ್ಕಿಪಿಕ್ಕಿ ಜನರ ಪರಂಪರೆಯ ಕಸುಬನ್ನೂ ಅಪರಾಧವಾಗಿಸಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಊರುಗಳಲ್ಲಿ ನೆಲೆನಿಂತ ಅವರಲ್ಲಿ ಅನೇಕರು ಇಂದು ಗಿಡಮೂಲಿಕೆಯ ಎಣ್ಣೆ ಮಾರಲು ದೂರದೇಶಗಳಿಗೆ ಹೋಗುತ್ತಾರೆ. 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಅವರೂ ಇದ್ದರು. ಬಲೆ ಹಾಕಿದವನು ಕಸುಬನ್ನೇ ಕಳೆದುಕೊಂಡ; ಗಿಳಿ ಕೊಂಡವನ ಪಂಜರ ಮಾತ್ರ ಜಗಲಿಯಲ್ಲಿ ತೂಗುತ್ತಲೇ ಇದೆ. ನೆಂಟರ ಮನೆಯಲ್ಲಿ ಅಂಥ ಪಂಜರ ಕಂಡರೆ ಮೊದಲು ಮನೆಯ ಹಿರಿಯರಿಗೆ ಕಾನೂನನ್ನು ತಿಳಿಸಿ, ಹಕ್ಕಿಯನ್ನು ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಪ್ಪಿಸುವಂತೆ ಹೇಳಬಹುದು. ಬಹುಕಾಲ ಪಂಜರದಲ್ಲಿದ್ದ ಗಿಳಿಯನ್ನು ಹಾಗೆಯೇ ಹಾರಿಬಿಟ್ಟರೆ ಅದು ಬದುಕುವುದು ಕಷ್ಟ. ಪೇಟೆಯಲ್ಲಿ ಮುನಿಯಾ, ಗಿಳಿಗಳ ಮಾರಾಟ ಕಂಡರೆ ಮಾತ್ರ ಚೌಕಾಸಿ ಮಾಡಿ ಕೊಂಡು ಬಿಡಿಸಲು ಹೋಗದೆ ನೇರವಾಗಿ ಅರಣ್ಯ ಇಲಾಖೆಗೆ ತಿಳಿಸಬೇಕು. ಕನಿಕರದಿಂದ ಕೊಟ್ಟ ದುಡ್ಡೂ ಮಾರುವವನಿಗೆ ವ್ಯಾಪಾರವೇ.