ಹಿಡಿಯಬೇಕಾದರೆ ಬ್ರೇಕ್ ಹಾಕಿ

ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಹೊರಟುಬಿಟ್ಟರೆ ಮುಂಬಯಿಯವನು ಏನು ಮಾಡುತ್ತಾನೆ? ಓಡುತ್ತಾನೆ. (ಓಡಬೇಡಿ ಅಂತ ರೈಲ್ವೆಯವರು ದಿನವಿಡೀ ಮೈಕಿನಲ್ಲಿ ಹೇಳುತ್ತಾರೆ, ಆ ಮಾತು ಬೇರೆ.) ಮುಂದೆ ಹೋಗುತ್ತಿರುವುದನ್ನು ಹಿಡಿಯಬೇಕಾದರೆ ಅದಕ್ಕಿಂತ ಜೋರಾಗಿ ಹೋಗಬೇಕು. ಇದು ನಮಗೆ ಯಾರೂ ಹೇಳಿಕೊಟ್ಟ ಪಾಠವಲ್ಲ, ಆಗಷ್ಟೇ ನಡೆಯಲು ಕಲಿತ ಮಗುವಿಗೂ ಗೊತ್ತು.

ಆದರೆ ಭೂಮಿಯಿಂದ ಇನ್ನೂರು ಕಿಲೋಮೀಟರ್ ಮೇಲೆ ಹೋಗಿ ನೋಡಿ, ಈ ಪಾಠ ತಲೆಕೆಳಗಾಗಿರುತ್ತದೆ. ಅಲ್ಲಿ ಮುಂದಿರುವವನನ್ನು ಹಿಡಿಯಬೇಕಾದರೆ ಬ್ರೇಕ್ ಹಾಕಬೇಕು! ಜೋರು ಮಾಡಿದಿರೋ, ಹಿಂದೆ ಬೀಳುತ್ತೀರಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಜೀವಂತವಾಗಿ ವಾಪಸು ಬಂದದ್ದು ಈ ವಿಚಿತ್ರವನ್ನು ಮೊದಲು ಅರಗಿಸಿಕೊಂಡಿದ್ದರಿಂದ. ಅರಗಿಸಿಕೊಳ್ಳಲು ಪಟ್ಟ ಪಾಡಿನ ಕತೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಆರ್ಮ್‌ಸ್ಟ್ರಾಂಗ್ ಇಟ್ಟ ಹೆಜ್ಜೆಯನ್ನು ಎಲ್ಲರೂ ಬರೆಯುತ್ತಾರೆ, ಅದಕ್ಕೆ ನಾಲ್ಕು ವರ್ಷ ಮೊದಲಿನ ಲೆಕ್ಕಾಚಾರವನ್ನು ಯಾರು ಬರೆಯುತ್ತಾರೆ? ಅದಕ್ಕೇ ಇವತ್ತು ಈ ಬರಹ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ವಿಜ್ಞಾನಿಯಲ್ಲ. ಆದರೆ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಆಕಾಶನೌಕೆ ಹಾರಿಸುವ ಆಟ ಆಡುವುದು ನನ್ನ ಚಟ. "ರಿಟೈರ್ ಆಗೋ ವಯಸ್ಸಿನಲ್ಲಿ ವೀಡಿಯೋ ಗೇಮಾ?" ಅಂತ ಮನೆಯವಳು ನಗುತ್ತಾಳೆ. ಆ ಆಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು 1962ಕ್ಕೆ ಹೋಗೋಣ. ಈ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುತ್ತೇವೆ ಅಂತ ಅಧ್ಯಕ್ಷ ಕೆನೆಡಿ ಹಿಂದಿನ ವರ್ಷವೇ ಘೋಷಿಸಿಬಿಟ್ಟಿದ್ದರು. ಹೇಗೆ ಇಳಿಸುವುದು ಅನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ. ಇಡೀ ನೌಕೆಯನ್ನೇ ಚಂದ್ರನ ಮೇಲೆ ಇಳಿಸಿ, ಅಲ್ಲಿಂದ ಇಡಿಯಾಗಿ ಎಬ್ಬಿಸಿ ತರಬೇಕಾದರೆ ರಾಕೆಟ್ಟು ಊಹೆಗೂ ಮೀರಿದ ಗಾತ್ರದ್ದಾಗುತ್ತಿತ್ತು. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿದ್ದ ಜಾನ್ ಹೂಬೋಲ್ಟ್ ಎಂಬ ಎಂಜಿನಿಯರ್ ಬೇರೆ ದಾರಿಗಾಗಿ ಪಟ್ಟು ಹಿಡಿದಿದ್ದರು. ದೊಡ್ಡ ನೌಕೆ ಚಂದ್ರನ ಸುತ್ತ ಸುತ್ತುತ್ತಿರಲಿ, ಚಿಕ್ಕದೊಂದು ಮಾತ್ರ ಕೆಳಗಿಳಿದು ಮತ್ತೆ ಮೇಲೆ ಬಂದು ದೊಡ್ಡದನ್ನು ಕೂಡಿಕೊಳ್ಳಲಿ ಅನ್ನುವುದು ಅವರ ವಾದ. 1961ರ ನವೆಂಬರಿನಲ್ಲಿ ತನ್ನ ಮೇಲಿನ ಅಧಿಕಾರಿಗಳನ್ನೆಲ್ಲ ದಾಟಿ ನೇರವಾಗಿ ನಾಸಾದ ಹಿರಿಯ ಅಧಿಕಾರಿ ರಾಬರ್ಟ್ ಸೀಮನ್ಸ್‌ಗೆ ಪತ್ರ ಬರೆದರು. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅದು ಎಂಥ ಧೈರ್ಯದ ಕೆಲಸ ಅಂತ. 1962ರ ಜುಲೈಯಲ್ಲಿ ನಾಸಾ ಹೂಬೋಲ್ಟ್ ಹೇಳಿದ ದಾರಿಯನ್ನೇ ಒಪ್ಪಿಕೊಂಡಿತು.

ಈ ದಾರಿಯಲ್ಲಿ ಒಂದು ತೊಡಕಿತ್ತು. ಚಂದ್ರನಿಂದ ಮೇಲೆದ್ದ ಚಿಕ್ಕ ನೌಕೆ ದೊಡ್ಡದನ್ನು ಹುಡುಕಿ ಹಿಡಿಯಲೇಬೇಕು. ಅದಕ್ಕೆ ಭೂಮಿಯ ವಾತಾವರಣದ ಬೆಂಕಿಯನ್ನು ತಡೆಯುವ ಕವಚವೇ ಇಲ್ಲ, ತಾನಾಗಿ ಊರಿಗೆ ಬರುವ ಹಾಗಿಲ್ಲ. ಹಿಡಿಯಲಿಲ್ಲವೋ, ಒಳಗಿರುವ ಇಬ್ಬರೂ ಅಲ್ಲೇ. ಹಾಗೆ ಒಂದು ನೌಕೆ ಇನ್ನೊಂದನ್ನು ಹಿಡಿದದ್ದು ಆವರೆಗೆ ಎಲ್ಲೂ ನಡೆದಿರಲಿಲ್ಲ. 1962ರ ಆಗಸ್ಟಿನಲ್ಲಿ ಸೋವಿಯತ್ ರಷ್ಯಾದ ವೋಸ್ತೋಕ್ 3 ಮತ್ತು 4 ಆರೂವರೆ ಕಿಲೋಮೀಟರಿನಷ್ಟು ಹತ್ತಿರ ಬಂದವು, ನಿಜ. ಆದರೆ ಅದು ಉಡಾವಣೆಯ ನಿಖರತೆಯಿಂದ ಆದದ್ದು. ಕಕ್ಷೆ ಬದಲಿಸಿ ಒಂದನ್ನೊಂದು ಬೆನ್ನಟ್ಟುವ ಏರ್ಪಾಡು ಅವುಗಳಲ್ಲಿ ಇರಲಿಲ್ಲ.

ಅಮೆರಿಕನ್ನರು ಇದನ್ನು ಮೊದಲ ಸಲ ಪ್ರಯತ್ನಿಸಿದ್ದು 1965ರ ಜೂನ್ 3ರಂದು, ಜೆಮಿನಿ 4 ನೌಕೆಯಲ್ಲಿ. ಜೇಮ್ಸ್ ಮೆಕ್‌ಡಿವಿಟ್ ಮತ್ತು ಎಡ್ ವೈಟ್ ಯಾತ್ರಿಗಳು. ಇಬ್ಬರೂ ಪಳಗಿದ ಪೈಲಟ್‌ಗಳು. ಅವರನ್ನು ಮೇಲಕ್ಕೊಯ್ದ ಟೈಟನ್ ರಾಕೆಟ್ಟಿನ ಎರಡನೇ ಹಂತ, ಅಂದರೆ ಖಾಲಿ ಡಬ್ಬ, ಹತ್ತಿರದಲ್ಲೇ ತೇಲುತ್ತಿತ್ತು. ಅದರ ಜೊತೆಜೊತೆಗೇ ಹಾರಬೇಕು, ಇಷ್ಟೇ ಕೆಲಸ. ಮೆಕ್‌ಡಿವಿಟ್ ವಿಮಾನದಲ್ಲಿ ಮಾಡುವಂತೆಯೇ ನೌಕೆಯ ಮೂತಿಯನ್ನು ಆ ಕಡೆ ತಿರುಗಿಸಿ ಎಂಜಿನ್ ಉರಿಸಿದರು. ಡಬ್ಬ ಹತ್ತಿರ ಬರುವ ಬದಲು ದೂರಕ್ಕೆ, ಕೆಳಕ್ಕೆ ಸರಿಯಿತು. ಇನ್ನಷ್ಟು ಉರಿಸಿದರು, ಇನ್ನಷ್ಟು ಸರಿಯಿತು. ದೂರ ಅಳೆಯಲು ರೇಡಾರ್ ಇರಲಿಲ್ಲ, ಡಬ್ಬ ಬೇರೆ ಗಿರಗಿರ ತಿರುಗುತ್ತಿತ್ತು. ನೋಡುತ್ತಾರೆ, ಇಂಧನ ಸುಮಾರು ಅರ್ಧಕ್ಕೆ ಇಳಿದಿದೆ. ನಾಲ್ಕು ದಿನದ ಯಾತ್ರೆ ಇನ್ನೂ ಬಾಕಿ. ಕೊನೆಗೆ ಬೆನ್ನಟ್ಟುವುದನ್ನೇ ಕೈಬಿಟ್ಟರು. ಅದೇ ದಿನ ಎಡ್ ವೈಟ್ ನೌಕೆಯಿಂದ ಹೊರಬಂದು ತೇಲಿದ ಚಿತ್ರಗಳು ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದವು. ಈ ಸೋಲು ಆ ಸಂಭ್ರಮದಲ್ಲಿ ಮುಚ್ಚಿಹೋಯಿತು.

ಯಾಕೆ ಹೀಗಾಯಿತು? ನಮ್ಮ ದೇವಸ್ಥಾನದ ಪ್ರದಕ್ಷಿಣೆಯನ್ನು ನೆನೆಸಿಕೊಳ್ಳಿ. ಗರ್ಭಗುಡಿಯನ್ನು ಒತ್ತಿಕೊಂಡು ಸುತ್ತುವವನ ಸುತ್ತು ಬೇಗ ಮುಗಿಯುತ್ತದೆ, ಹೊರ ಪ್ರಾಕಾರದಲ್ಲಿ ಸುತ್ತುವವನದು ನಿಧಾನ. ಆಕಾಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಒಳಸುತ್ತಿನವನ ದಾರಿ ಚಿಕ್ಕದು ಮಾತ್ರವಲ್ಲ, ಅವನ ನಡಿಗೆಯೂ ಜೋರು. ಭೂಮಿಯಿಂದ 200 ಕಿ.ಮೀ. ಎತ್ತರದಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.78 ಕಿ.ಮೀ., ಒಂದು ಸುತ್ತಿಗೆ ಎಂಬತ್ತೆಂಟೂವರೆ ನಿಮಿಷ. 400 ಕಿ.ಮೀ. ಎತ್ತರದಲ್ಲಿ ವೇಗ 7.67ಕ್ಕೆ ಇಳಿಯುತ್ತದೆ, ಸುತ್ತಿಗೆ ತೊಂಬತ್ತೆರಡೂವರೆ ನಿಮಿಷ. ನಮ್ಮ ಚಂದ್ರನೋ ಸೆಕೆಂಡಿಗೆ ಒಂದೇ ಕಿಲೋಮೀಟರ್ ನಡೆದು 27 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ.

ಈಗ ನೋಡಿ. ನಿಮ್ಮ ಮುಂದೆ ಒಂದು ನೌಕೆ ಇದೆ. ಹಿಡಿಯೋಣ ಅಂತ ಎಂಜಿನ್ ಉರಿಸಿದಿರಿ. ಹೆಚ್ಚಿದ ವೇಗ ನಿಮ್ಮನ್ನು ಮೇಲಿನ ಸುತ್ತಿಗೆ ಎತ್ತುತ್ತದೆ. ಮೇಲಿನ ಸುತ್ತು ನಿಧಾನ, ಆದ್ದರಿಂದ ಹಿಂದೆ ಬೀಳುತ್ತೀರಿ. ಅದೇ ಬ್ರೇಕ್ ಹಾಕಿದರೆ? ನೌಕೆ ಕೆಳಗಿನ ಸುತ್ತಿಗೆ ಜಾರುತ್ತದೆ. ಘಾಟಿ ಇಳಿಯುವ ಸೈಕಲ್ಲಿನಂತೆ ಜಾರುವಾಗ ವೇಗ ತಾನಾಗಿ ಬರುತ್ತದೆ, ಸುತ್ತೂ ಚಿಕ್ಕದಾಗುತ್ತದೆ. ಒಂದೆರಡು ಸುತ್ತಿನಲ್ಲಿ ಮುಂದಿನವನ ಕೆಳಗೆ ಬಂದಿರುತ್ತೀರಿ. ಆಮೇಲೆ ಸರಿಯಾದ ಗಳಿಗೆಯಲ್ಲಿ ವೇಗ ಕೊಟ್ಟು ಮೇಲಕ್ಕೆ ಏರಿದರಾಯಿತು. ಆತುರಗಾರನಿಗೆ ಅಲ್ಲಿ ಜಾಗವಿಲ್ಲ.

ಇದೇನು ಹೊಸ ವಿಷಯವಾಗಿರಲಿಲ್ಲ. ಯಾವ ಸುತ್ತಿಗೆ ಎಷ್ಟು ಕಾಲ ಎನ್ನುವ ನಿಯಮವನ್ನು ಕೆಪ್ಲರ್ 1619ರಲ್ಲೇ ಪ್ರಕಟಿಸಿದ್ದ. ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಕಡಿಮೆ ಇಂಧನದಲ್ಲಿ ಹೋಗುವ ದಾರಿಯನ್ನು 1925ರಲ್ಲಿ ವಾಲ್ಟರ್ ಹೋಮನ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಈ ಹೋಮನ್ ಯಾರು ಗೊತ್ತೇ? ಜರ್ಮನಿಯ ಎಸ್ಸೆನ್ ನಗರದ ಆಡಳಿತದಲ್ಲಿ ಕೆಲಸ ಮಾಡುತ್ತಿದ್ದ ಸಿವಿಲ್ ಎಂಜಿನಿಯರ್. ಗ್ರಹಗಳಿಗೆ ದಾರಿ ಹುಡುಕುವುದು ಸಂಬಳದ ಕೆಲಸವಲ್ಲ, ಬಿಡುವಿನ ಹವ್ಯಾಸ. ಸಂಬಳಕ್ಕೆ ಒಂದು ಕೆಲಸ, ಮನಸ್ಸಿಗೆ ಇನ್ನೊಂದು ಅಂತ ಬದುಕುವ ನನ್ನಂಥವರಿಗೆ ಇವರ ಮೇಲೆ ವಿಶೇಷ ಗೌರವ. ಮಂಗಳನ ಕಡೆ ಹೋಗುವ ನೌಕೆಗಳ ದಾರಿಯ ಲೆಕ್ಕ ಇವತ್ತಿಗೂ ಅವರು ತೋರಿಸಿದ ದಾರಿಯಿಂದಲೇ ಶುರುವಾಗುತ್ತದೆ.

ಹಾಗಾದರೆ ಜೆಮಿನಿ 4ರಲ್ಲಿ ಕೊರತೆಯಾದದ್ದು ಯಾವುದು? ಸೂತ್ರ ಕಾಗದದ ಮೇಲಿತ್ತು, ಪೈಲಟ್ಟಿನ ಕೈಗೆ ಇಳಿದಿರಲಿಲ್ಲ. ಸಾವಿರಾರು ಗಂಟೆ ವಿಮಾನ ಹಾರಿಸಿದ ಕೈ ಅದು. ಗುರಿ ಕಂಡರೆ ಅದರತ್ತ ನೂಕು ಅನ್ನುತ್ತದೆ. ಆ ಕೈಗೆ ಹೊಸ ಅಭ್ಯಾಸ ಮಾಡಿಸಬೇಕಿತ್ತು.

ಇಲ್ಲಿ ಬರುವ ಹೆಸರು ಬಝ್ ಆಲ್ಡ್ರಿನ್. ಚಂದ್ರನ ಮೇಲೆ ಎರಡನೆಯವನಾಗಿ ಇಳಿದವರು ಎಂದಷ್ಟೇ ನಮಗೆ ಗೊತ್ತು. ಕೊರಿಯಾ ಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದ್ದ ಇವರು 1963ರಲ್ಲಿ ಎಂ.ಐ.ಟಿ.ಯಿಂದ ಡಾಕ್ಟರೇಟ್ ಪಡೆದದ್ದು ಇದೇ ವಿಷಯದಲ್ಲಿ, ಮಾನವಸಹಿತ ನೌಕೆಗಳು ಕಕ್ಷೆಯಲ್ಲಿ ಒಂದನ್ನೊಂದು ಸೇರುವ ಬಗೆ. ಗೆಳೆಯರು ಅವರನ್ನು 'ಡಾಕ್ಟರ್ ರಾಂಡೆವೂ' ಎಂದು ಕರೆಯುತ್ತಿದ್ದರು. ರಾಂಡೆವೂ ಅಂದರೆ ಗೊತ್ತುಮಾಡಿಕೊಂಡು ಭೇಟಿಯಾಗುವುದು. 1966ರ ನವೆಂಬರಿನಲ್ಲಿ ಜೆಮಿನಿ 12ರಲ್ಲಿ ಅವರು ಹೋಗಿದ್ದಾಗ ರೇಡಾರ್ ಕೈಕೊಟ್ಟಿತು. ಆಲ್ಡ್ರಿನ್ ಸೆಕ್ಸ್‌ಟೆಂಟ್ ಹಿಡಿದು, ಪಟ್ಟಿಗಳನ್ನು ನೋಡಿ ಲೆಕ್ಕ ಹಾಕಿ, ನೌಕೆಯನ್ನು ಗುರಿಯ ಹತ್ತಿರಕ್ಕೆ ತಲುಪಿಸಿದರು. ಥೀಸಿಸ್ ಬರೆದು ಕಪಾಟಿನಲ್ಲಿ ಇಡುವವರೇ ಹೆಚ್ಚು, ಅದನ್ನು ಆಕಾಶದಲ್ಲಿ ಬಳಸಿದವರು ಎಷ್ಟು ಜನ ಹೇಳಿ?

ಗೆಲುವು ಅದಕ್ಕೂ ಮೊದಲೇ, ಜೆಮಿನಿ 4ರ ಸೋಲಿನ ಆರು ತಿಂಗಳಿಗೇ ಬಂದಿತ್ತು. 1965ರ ಅಕ್ಟೋಬರ್ 25ರಂದು ಜೆಮಿನಿ 6ರಲ್ಲಿ ವಾಲಿ ಶಿರಾ ಮತ್ತು ಟಾಮ್ ಸ್ಟಾಫರ್ಡ್ ಹೊರಡಲು ಸಿದ್ಧರಾಗಿ ಕೂತಿದ್ದರು. ಆದರೆ ಅವರು ಹಿಡಿಯಬೇಕಿದ್ದ ಅಜೀನಾ ಎಂಬ ನೌಕೆಯೇ ಮೇಲೆ ಹೋಗುತ್ತಾ ಸಿಡಿದು ಚೂರಾಯಿತು. ಗುರಿಯೇ ಇಲ್ಲ! ಆಗ ಹೊಳೆದದ್ದು, ಡಿಸೆಂಬರಿನಲ್ಲಿ ಹದಿನಾಲ್ಕು ದಿನ ಸುತ್ತಲು ಹೋಗುವ ಜೆಮಿನಿ 7ನ್ನೇ ಗುರಿ ಮಾಡಿಕೊಂಡರೆ ಹೇಗೆ? ಡಿಸೆಂಬರ್ 4ರಂದು ಫ್ರಾಂಕ್ ಬೋರ್ಮನ್ ಮತ್ತು ಜಿಮ್ ಲವೆಲ್ ಅದರಲ್ಲಿ ಹೊರಟರು. 12ರಂದು ಶಿರಾ ಅವರ ಸರದಿ. ಎಂಜಿನ್ ಹೊತ್ತಿಕೊಂಡು ಒಂದು ಚಿಲ್ಲರೆ ಸೆಕೆಂಡಿನಲ್ಲೇ ಆರಿಹೋಯಿತು. ರಾಕೆಟ್ಟು ಒಂದಿಂಚು ಎದ್ದಿದ್ದರೂ ಮತ್ತೆ ಕೂತು ಸಿಡಿಯುತ್ತದೆ. ನಿಯಮದ ಪ್ರಕಾರ ಶಿರಾ ಉಂಗುರ ಎಳೆದು ಸೀಟಿನ ಸಮೇತ ಹೊರಗೆ ಹಾರಬೇಕಿತ್ತು. ರಾಕೆಟ್ಟು ಎದ್ದ ಅನುಭವವೇ ಮೈಗೆ ಆಗಲಿಲ್ಲವೆಂದು ಕೈ ಅಲುಗಿಸದೆ ಕೂತರು. ನೌಕೆ ಉಳಿಯಿತು, ಮೂರೇ ದಿನದಲ್ಲಿ ಮತ್ತೆ ಸಿದ್ಧವಾಯಿತು.

ಡಿಸೆಂಬರ್ 15ರಂದು ಅವರು ಕಕ್ಷೆಗೆ ಸೇರಿದಾಗ ಜೆಮಿನಿ 7 ಸುಮಾರು 2,000 ಕಿ.ಮೀ. ಮುಂದಿತ್ತು, ಹೆಚ್ಚು ಎತ್ತರದಲ್ಲೂ ಇತ್ತು. ಶಿರಾ ಅದರತ್ತ ಮೂತಿ ತಿರುಗಿಸಿ ನುಗ್ಗಲಿಲ್ಲ. ಒಳಸುತ್ತಿನಲ್ಲೇ ಇದ್ದು, ಲೆಕ್ಕ ಹೇಳಿದ ಹೊತ್ತಿಗೆ ಹೇಳಿದಷ್ಟೇ ಎಂಜಿನ್ ಉರಿಸುತ್ತಾ ಸ್ವಲ್ಪಸ್ವಲ್ಪವಾಗಿ ಏರಿದರು. ಆರು ಗಂಟೆಯ ಕೊನೆಗೆ ಎರಡು ನೌಕೆಗಳು ಅಕ್ಕಪಕ್ಕ. ಅಂತರ ಒಂದು ಅಡಿಗೂ ಬಂದದ್ದುಂಟು. ಇಷ್ಟಕ್ಕೆ ಖರ್ಚಾದ ಇಂಧನ ಸುಮಾರು 51 ಕೆ.ಜಿ., ಅರ್ಧಕ್ಕಿಂತ ಹೆಚ್ಚು ತೊಟ್ಟಿಯಲ್ಲೇ ಉಳಿದಿತ್ತು. ಬ್ಯಾಂಕಿನವನ ಕಣ್ಣಿಗೆ ಮೊದಲು ಬೀಳುವುದು ಈ ಲೆಕ್ಕವೇ. ಪಕ್ಕದಲ್ಲೇ ಇದ್ದ ಡಬ್ಬ ಹಿಡಿಯಲು ಹೋಗಿ ಒಬ್ಬರ ಖಾತೆ ಅರ್ಧ ಖಾಲಿ, ಎರಡು ಸಾವಿರ ಕಿಲೋಮೀಟರ್ ದೂರದವನನ್ನು ಹಿಡಿದ ಮೇಲೂ ಇನ್ನೊಬ್ಬರ ಖಾತೆಯಲ್ಲಿ ಶಿಲ್ಕು! ಆಕಾಶದಲ್ಲಿ ಓವರ್‌ಡ್ರಾಫ್ಟ್ ಸಿಗುವುದಿಲ್ಲ ಸ್ವಾಮಿ.

1969ರ ಜುಲೈ 21ರಂದು ಈ ವಿದ್ಯೆ ನಿಜವಾಗಿ ಒರೆಗೆ ಬಿತ್ತು. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲದಿಂದ ಮೇಲೆದ್ದಾಗ ಮೈಕೆಲ್ ಕಾಲಿನ್ಸ್ ದೊಡ್ಡ ನೌಕೆಯಲ್ಲಿ ಒಬ್ಬರೇ ಸುತ್ತುತ್ತಿದ್ದರು. ಅವರ ಬಳಿ ಇದ್ದ ಪುಸ್ತಕದಲ್ಲಿ ಏನಾದರೂ ಎಡವಟ್ಟಾದರೆ ಗೆಳೆಯರನ್ನು ಸೇರಿಕೊಳ್ಳುವ 18 ಬೇರೆಬೇರೆ ವಿಧಾನಗಳಿದ್ದವು. ಸುಮಾರು ಮೂರೂವರೆ ಗಂಟೆಯಲ್ಲಿ ಎರಡೂ ನೌಕೆಗಳು ಕೂಡಿಕೊಂಡವು, ಪುಸ್ತಕದ ಆ ಪುಟಗಳು ಬೇಕಾಗಲಿಲ್ಲ. ಬೇಕಾಗದ ಪುಟಗಳನ್ನೂ ಬರೆದಿಡುವುದಕ್ಕೇ ಎಂಜಿನಿಯರಿಂಗ್ ಅನ್ನುತ್ತಾರೆ ಅಂತ ನನಗನ್ನಿಸುತ್ತದೆ.

ಕೈಗೆ ಹೊಸ ಅಭ್ಯಾಸ ಮಾಡಿಸುವ ಮಾತು ಹೇಳಿದೆನಲ್ಲ, ಅದಕ್ಕೆ ಇದ್ದದ್ದು ಅಣಕು ಯಂತ್ರಗಳು, ಅಂದರೆ ಸಿಮ್ಯುಲೇಟರ್‌ಗಳು. ಲ್ಯಾಂಗ್ಲಿಯ ಒಂದು ದೊಡ್ಡ ಹ್ಯಾಂಗರಿನ ಚಾವಣಿಯಿಂದ ಜೆಮಿನಿಯ ಪೂರ್ಣ ಗಾತ್ರದ ಮಾದರಿಯನ್ನು ತಂತಿಗಳಲ್ಲಿ ತೂಗುಹಾಕಿ, ಯಾತ್ರಿಗಳನ್ನು ಅದರಲ್ಲಿ ಕೂರಿಸಿ ಇನ್ನೊಂದು ನೌಕೆಗೆ ಜೋಡಿಸುವ ತಾಲೀಮು ಮಾಡಿಸುತ್ತಿದ್ದರು. ನೂರು ಸಲ ಸೋತರೂ ಯಾರ ಪ್ರಾಣವೂ ಹೋಗದ ಜಾಗ ಅದು.

ಅಂಥ ಜಾಗ ಆಮೇಲೆ ಮನೆಮನೆಗೂ ಬಂತು. ಅಪೋಲೋ 11 ಇಳಿದ ವರ್ಷವೇ ಅಮೆರಿಕದ ಹೈಸ್ಕೂಲ್ ಹುಡುಗ ಜಿಮ್ ಸ್ಟೋರರ್ ಪಿಡಿಪಿ-8 ಕಂಪ್ಯೂಟರಿನಲ್ಲಿ ಚಂದ್ರನ ಮೇಲೆ ಇಳಿಯುವ ಆಟ ಬರೆದ. ಚಿತ್ರವಿಲ್ಲ, ಬರೀ ಅಂಕಿಗಳು. ಹತ್ತು ಸೆಕೆಂಡಿಗೊಮ್ಮೆ ಎಷ್ಟು ಇಂಧನ ಉರಿಸಬೇಕೆಂದು ಆಡುವವನು ಹೇಳಬೇಕು. 1979ರಲ್ಲಿ ಅಟಾರಿ ಕಂಪನಿ 'ಲೂನಾರ್ ಲ್ಯಾಂಡರ್' ತಂದಾಗ ಕಾಸು ಹಾಕಿದರೆ ಇಂಧನ ಸಿಗುತ್ತಿತ್ತು! 2000ದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಟಿನ್ ಶ್ವೈಗರ್ 'ಆರ್ಬಿಟರ್' ಎಂಬುದನ್ನು ಪುಕ್ಕಟೆಯಾಗಿ ಕೊಟ್ಟರು. 2011ರಲ್ಲಿ ಮೆಕ್ಸಿಕೋ ಸಿಟಿಯ ಸ್ಕ್ವಾಡ್ ಎಂಬ ಕಂಪನಿಯಿಂದ 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಬಂತು. ಹಸಿರು ಬಣ್ಣದ ಪುಟ್ಟ ಯಾತ್ರಿಗಳು, ನೋಡಲು ಮಕ್ಕಳಾಟ. ಒಳಗಿರುವುದು ಮಾತ್ರ ಕೆಪ್ಲರನ ಲೆಕ್ಕವೇ.

ನನ್ನ ರಾತ್ರಿಗಳನ್ನು ನುಂಗುವುದು ಈ ಕರ್ಬಲ್. ಇದನ್ನು ಹೊಸದಾಗಿ ಆಡುವ ಹುಡುಗರನ್ನು ನೋಡಿದ್ದೇನೆ. ಎಲ್ಲರೂ ಮೆಕ್‌ಡಿವಿಟ್ ಮಾಡಿದ್ದನ್ನೇ ಮಾಡುತ್ತಾರೆ: ಗುರಿಯತ್ತ ಮೂತಿ, ಎಂಜಿನ್ನು ಜೋರು, ಇಂಧನ ಖಾಲಿ. ಆಮೇಲೊಂದು ದಿನ ಯಾರೂ ಹೇಳದೆಯೇ ನೌಕೆಯನ್ನು ಹಿಂದಕ್ಕೆ ತಿರುಗಿಸಿ ಬ್ರೇಕ್ ಹಾಕುತ್ತಾರೆ. ಆಗ ಅವರ ಮುಖ ನೋಡಬೇಕು! ಮೂವತ್ತು ವರ್ಷದ ಹಿಂದೆ ಕಾಲೇಜಿನ ಹಲಗೆಯ ಮೇಲೆ ಸೂತ್ರ ಬರೆದು ಒರೆಸಿದ ಮೇಷ್ಟ್ರುಗಳಿಗೆ ಈ ಭಾಗ್ಯ ಇರಲಿಲ್ಲ.

ಇದು ಹಳೆಯ ಕತೆಯೆಂದು ತಿಳಿಯಬೇಡಿ. 2024ರ ಡಿಸೆಂಬರ್ 30ರಂದು ಇಸ್ರೋ ಶ್ರೀಹರಿಕೋಟದಿಂದ ತಲಾ ಸುಮಾರು 220 ಕೆ.ಜಿ. ತೂಕದ ಎರಡು ಉಪಗ್ರಹಗಳನ್ನು ಹಾರಿಸಿತು. ಸ್ಪೇಡೆಕ್ಸ್ ಅಂತ ಹೆಸರು. ಎರಡರ ವೇಗದಲ್ಲಿ ಒಂಚೂರು ವ್ಯತ್ಯಾಸ ಕೊಟ್ಟು ದೂರವಾಗಲು ಬಿಟ್ಟು, ಮತ್ತೆ ಹತ್ತಿರ ತರುವುದು ಯೋಜನೆ. ಜನವರಿ 7ಕ್ಕೆಂದು ನಿಗದಿಯಾಗಿದ್ದ ಜೋಡಣೆ 9ಕ್ಕೆ ಹೋಯಿತು. ಅಂತರವನ್ನು 225 ಮೀಟರಿಗೆ ತರುವಾಗ ಎಣಿಸಿದ್ದಕ್ಕಿಂತ ಹೆಚ್ಚು ಸರಿದಾಡಿದ್ದರಿಂದ ಮತ್ತೆ ಮುಂದೂಡಿದರು. ಮೂರು ಮೀಟರಿನವರೆಗೆ ತಂದು, ನೋಡಿ, ಪುನಃ ಹಿಂದಕ್ಕೆ ಕಳಿಸಿದರು. ಟಿವಿಯಲ್ಲಿ "ವಿಫಲವೇ?" ಅಂತ ಕೇಳುವವರಿಗೆ ಆ ಹಿಂಜರಿತವೇ ವಿದ್ಯೆ ಅನ್ನುವುದು ಹೇಗೆ ತಿಳಿಯಬೇಕು? ಜನವರಿ 16ರಂದು ಎರಡೂ ಒಂದಾದವು. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ಈ ವಿದ್ಯೆ ಸಾಧಿಸಿದ ನಾಲ್ಕನೆಯ ದೇಶ ನಮ್ಮದು. ಅವನ್ನು ನಡೆಸಿದ್ದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ. ಚಂದ್ರನ ಮಣ್ಣು ತರಬೇಕಿರುವ ಚಂದ್ರಯಾನ-4ಕ್ಕೂ, ನಮ್ಮದೇ ಅಂತರಿಕ್ಷ ನಿಲ್ದಾಣಕ್ಕೂ ಇದು ಅಡಿಪಾಯ.

ನಿಮ್ಮ ಮನೆಯ ಮಕ್ಕಳೋ ಮೊಮ್ಮಕ್ಕಳೋ ಇಂಥ ಆಟ ಆಡುತ್ತಾ ಕೂತಿದ್ದರೆ ಒಂದು ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿ. ಮುಂದಿನ ನೌಕೆಯನ್ನು ಹಿಡಿಯಲು ಏನು ಮಾಡಬೇಕು ಅಂತ ಕೇಳಿ. "ಬ್ರೇಕ್ ಹಾಕಬೇಕು" ಅಂದರೆ, 1965ರ ಜೂನಿನಲ್ಲಿ ನಾಸಾದ ನುರಿತ ಪೈಲಟ್ಟಿನ ಕೈಗೆ ಬಾರದಿದ್ದ ವಿದ್ಯೆ ನಿಮ್ಮ ಹಜಾರಕ್ಕೆ ಬಂದಿದೆ ಎಂದು ತಿಳಿಯಿರಿ. ಮಾರನೆಯ ದಿನದ ಪರೀಕ್ಷೆಗೆ ಓದಿಕೋ ಅಂತ ಆಮೇಲೆ ಗದರಿಸಬಹುದು.